ಬಿಳಿ ಬಣ್ಣ ಆರಿಸುವ ಮೊದಲು ನೆಲ ನೋಡಿ

ಪ್ರಶ್ನೆ: ತೀರ್ಥಹಳ್ಳಿ ಸಮೀಪದ ಹಳ್ಳಿಯಲ್ಲಿ ನಮ್ಮ ಹಳೆಯ ಮನೆಗೆ ತಾಗಿದಂತೆ ಹೊಸದಾಗಿ ಹಾಲ್, ಅಡುಗೆಮನೆ ಮತ್ತು ಎರಡು ಕೋಣೆ ಕಟ್ಟಿಸಿದ್ದೇವೆ. ಹೊಸ ಭಾಗಕ್ಕೆ ಐವರಿ ಬಣ್ಣದ, ಹೊಳಪಿನ ವಿಟ್ರಿಫೈಡ್ ಟೈಲ್ ಹಾಕಿದೆ. ಹಳೆಯ ಜಗಲಿ ಮತ್ತು ನಡುಮನೆಗೆ ರೆಡ್ ಆಕ್ಸೈಡ್ ನೆಲ. ಹಾಲ್‌ನ ಕಿಟಕಿಗಳು ಉತ್ತರಕ್ಕೂ ಪಶ್ಚಿಮಕ್ಕೂ ಇವೆ. ಎರಡೂ ಕಡೆ ಅಡಿಕೆ ತೋಟ. ಗೋಡೆಗಳೆಲ್ಲ ಬಿಳಿಯೇ ಇರಲಿ ಎಂಬುದು ನಮ್ಮ ಆಸೆ. ಅಂಗಡಿಯವರು ಕೊಟ್ಟ ಕಾರ್ಡಿನಲ್ಲಿ ಬಿಳಿಗಳೇ ಹತ್ತಾರು. ತಿಳಿಯಾದ ಕೆನೆಬಿಳಿ ಒಂದನ್ನು ಆರಿಸಿ ಒಂದು ಗೋಡೆಗೆ ಹೊಡೆಸಿದೆವು. ಹಗಲಿನಲ್ಲಿ ಅದು ಹಸಿರು ಹಸಿರಾಗಿ ಕಾಣುತ್ತದೆ, ರಾತ್ರಿ ದೀಪ ಹಾಕಿದರೆ ಆಸ್ಪತ್ರೆಯ ವಾರ್ಡಿನಂತೆ. ಪೇಂಟರ್ ‘ಬ್ರಿಲಿಯಂಟ್ ವೈಟ್ ಹೊಡೆದುಬಿಡೋಣ, ತಲೆನೋವೇ ಇರುವುದಿಲ್ಲ’ ಎನ್ನುತ್ತಾರೆ. ಅತ್ತೆಯವರು ‘ಹಳೆಯ ಮನೆಗಾದರೂ ಸುಣ್ಣವೇ ಇರಲಿ’ ಎನ್ನುತ್ತಾರೆ. ಯಾವ ಬಿಳಿ ಆರಿಸಬೇಕು?

ಉತ್ತರ: ಮೊದಲು ತೀರ್ಮಾನ ಹೇಳಿಬಿಡುತ್ತೇನೆ, ಕಾರಣಗಳು ಆಮೇಲೆ. ಹೊಸ ಹಾಲ್‌ಗೆ ಹಳದಿಯ ಜೊತೆ ಎಳ್ಳಷ್ಟು ಕೆಂಪು ಬೆರೆತ, ಕಪ್ಪು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಇರುವ ಆಫ್ ವೈಟ್. ಹಳೆಯ ನಡುಮನೆಯ ಗೋಡೆ ಮಣ್ಣಿನದೋ ಸುಣ್ಣದ ಗಾರೆಯದೋ ಆಗಿದ್ದರೆ ಅಲ್ಲಿ ಸುಣ್ಣವೇ. ನಿಮ್ಮ ಅತ್ತೆಯವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆಯಿದೆ. ಬ್ರಿಲಿಯಂಟ್ ವೈಟ್ ಬೇಕೆಂದರೆ ಬಚ್ಚಲುಮನೆಗೆ ಬಳಸಿಕೊಳ್ಳಿ, ಹಾಲ್‌ಗೆ ಬೇಡ. ಇದೆಲ್ಲಕ್ಕೂ ಮೊದಲು ಹಾಲ್‌ನ ಬಲ್ಬುಗಳನ್ನು ಬದಲಿಸಿ. ರಾತ್ರಿಯ ದೂರು ಬಹುಪಾಲು ಅಷ್ಟರಲ್ಲೇ ಮುಗಿಯುತ್ತದೆ.

ಬಿಳಿ ಆರಿಸುವವರಲ್ಲಿ ಹೆಚ್ಚಿನವರು ಶೇಡ್ ಕಾರ್ಡಿನಿಂದ ಶುರುಮಾಡುತ್ತಾರೆ. ನಾನು ಆ ಕ್ರಮವನ್ನು ತಿರುಗಿಸುತ್ತೇನೆ: ಮೊದಲು ನೆಲ, ಆಮೇಲೆ ಬೆಳಕು, ಕಾರ್ಡು ಕಟ್ಟಕಡೆಗೆ. ಗಾಢವಾದ ನೀಲಿಯೋ ಇಟ್ಟಿಗೆಗೆಂಪೋ ಆದರೆ ಎಲ್ಲಿ ಹಚ್ಚಿದರೂ ಹೆಚ್ಚುಕಡಿಮೆ ಅದೇ ಬಣ್ಣವಾಗಿ ಉಳಿಯುತ್ತದೆ. ಬಿಳಿಗೆ ಆ ಗಟ್ಟಿತನ ಇಲ್ಲ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತು ಭಾಗವನ್ನು ಅದು ಹಿಂದಕ್ಕೆ ಕಳಿಸುತ್ತದೆ. ಆ ಬೆಳಕು ಎಲೆಯಿಂದ ಬಂದಿದ್ದರೆ ಗೋಡೆ ಹಸಿರು, ಕೆಂಪು ನೆಲದಿಂದ ಬಂದಿದ್ದರೆ ಗುಲಾಬಿ. ಜೊತೆಗೆ ನಮ್ಮ ಕಣ್ಣು ಬಿಳಿಯನ್ನು ಅದರಷ್ಟಕ್ಕೆ ಅಳೆಯುವುದಿಲ್ಲ; ಪಕ್ಕದಲ್ಲಿರುವ ಇನ್ನೊಂದು ಬಿಳಿಗೆ ಹೋಲಿಸಿಯೇ ‘ಇದು ಹಳದಿ, ಇದು ನೀಲಿ’ ಎಂದು ತೀರ್ಪು ಕೊಡುತ್ತದೆ. ಹಾಗಾಗಿ ‘ಒಳ್ಳೆಯ ಬಿಳಿ ಯಾವುದು’ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ನಿಮ್ಮ ಟೈಲ್‌ನ ಪಕ್ಕದಲ್ಲಿ, ನಿಮ್ಮ ತೋಟದ ಬೆಳಕಿನಲ್ಲಿ ಒಳ್ಳೆಯದಾಗಿ ಕಾಣುವ ಬಿಳಿ ಯಾವುದು ಎಂದು ಕೇಳಿದರೆ ಉತ್ತರವಿದೆ.

ನಿಮ್ಮ ಗೋಡೆ ಹಸಿರಾಗಿ ಕಾಣುವುದಕ್ಕೆ ಎರಡು ಕಾರಣಗಳಿರಬೇಕು. ಒಂದು ಕಣ್ಣೆದುರಿಗೇ ಇದೆ: ಅಡಿಕೆ ತೋಟ. ಇನ್ನೊಂದು ಡಬ್ಬಿಯೊಳಗೆ ಅಡಗಿದೆ, ಅದನ್ನು ಯಾರೂ ಹೇಳುವುದಿಲ್ಲ.

ಡಬ್ಬಿಯ ಸಂಗತಿಯನ್ನು ಮೊದಲು ನೋಡೋಣ. ಈಗಿನ ಬಹುತೇಕ ಎಲ್ಲ ಬಿಳಿ ಪೇಂಟಿನ ಮೂಲ ಟೈಟಾನಿಯಂ ಡೈಆಕ್ಸೈಡ್ ಎಂಬ ಪುಡಿ. ಅಂಗಡಿಯಲ್ಲಿ ಇದರ ಬಿಳಿ ಬೇಸ್ ಇರುತ್ತದೆ. ನೀವು ಹೇಳಿದ ಕೋಡ್ ನೋಡಿ ಟಿಂಟಿಂಗ್ ಯಂತ್ರ ಅದಕ್ಕೆ ಕೆಲವು ಹನಿ ಬಣ್ಣ ಬೀಳಿಸುತ್ತದೆ. ಕೆನೆಬಿಳಿ ಮಾಡಲು ಹಳದಿ ಆಕ್ಸೈಡ್ ಬೇಕು. ಬರೀ ಹಳದಿ ಹಾಕಿದರೆ ಕಣ್ಣಿಗೆ ಹೊಡೆಯುತ್ತದೆ ಎಂದು ಅದನ್ನು ತಗ್ಗಿಸಲು ಹಲವು ಶೇಡ್‌ಗಳಲ್ಲಿ ತುಸು ಕಪ್ಪನ್ನೂ ಸೇರಿಸಿರುತ್ತಾರೆ. ಹಳದಿಗೆ ಕಪ್ಪು ಬೆರೆತರೆ ಏನಾಗುತ್ತದೆ ಎಂಬುದು ಚಿತ್ರಕಲೆ ತರಗತಿಯಲ್ಲಿ ಕೂತ ಮಕ್ಕಳಿಗೂ ಗೊತ್ತು: ಮಾಸಲು ಹಸಿರು. ಕಾರ್ಡಿನ ಎರಡು ಇಂಚಿನ ಚೌಕದಲ್ಲಿ ಈ ಹಸಿರು ಕಾಣುವುದಿಲ್ಲ. ಹತ್ತು ಅಡಿ ಎತ್ತರದ ಗೋಡೆಯಲ್ಲಿ, ಅದೂ ತೋಟದ ಹಸಿರು ಬೆಳಕು ಬೀಳುವ ಗೋಡೆಯಲ್ಲಿ, ಎರಡು ಹಸಿರುಗಳು ಕೈಜೋಡಿಸುತ್ತವೆ.

ಪರಿಹಾರ ಕಷ್ಟದ್ದಲ್ಲ. ಡಬ್ಬಿಯ ಮುಚ್ಚಳದ ಮೇಲೆ ಯಂತ್ರ ಅಂಟಿಸಿದ ಚೀಟಿ ಇದ್ದರೆ ಓದಿ, ಇಲ್ಲವಾದರೆ ಅಂಗಡಿಯ ಕಂಪ್ಯೂಟರಿನಲ್ಲಿ ಆ ಶೇಡ್‌ನ ಮಿಶ್ರಣ ತೋರಿಸಲು ಕೇಳಿ. ಯಾವ ಯಾವ ಬಣ್ಣ, ಎಷ್ಟೆಷ್ಟು ಎಂದು ಅದರಲ್ಲಿ ಇರುತ್ತದೆ. ಹಳದಿ ಮತ್ತು ಕಪ್ಪು ಮಾತ್ರ ಇದ್ದರೆ ನಿಮ್ಮ ಹಾಲ್‌ಗೆ ಅದು ಬೇಡ. ಹಳದಿ ಆಕ್ಸೈಡ್ ಜೊತೆ ರೆಡ್ ಆಕ್ಸೈಡ್ ಸ್ವಲ್ಪ ಇದ್ದರೆ ಅದನ್ನು ಪಟ್ಟಿಗೆ ಸೇರಿಸಿಕೊಳ್ಳಿ. ಕೆಂಪು ಹಸಿರಿಗೆ ವಿರುದ್ಧ. ಎಲೆಗಳಿಂದ ಬರುವ ಹಸಿರನ್ನು ಅದು ಅಷ್ಟರಮಟ್ಟಿಗೆ ತಿಂದುಹಾಕುತ್ತದೆ. ಶೇಡ್‌ನ ಹೆಸರನ್ನು ಮಾತ್ರ ನಂಬಬೇಡಿ. ಮುತ್ತು, ಮಲ್ಲಿಗೆ, ಹಿಮ, ಚಂದ್ರ ಇವೆಲ್ಲ ಮಾರಾಟ ವಿಭಾಗದವರ ಕವಿತೆ. ಒಂದೇ ಹೆಸರಿನ ಬಿಳಿ ಎರಡು ಕಂಪನಿಗಳಲ್ಲಿ ಎರಡು ಬಗೆಯಾಗಿರುವುದು ಸಾಮಾನ್ಯ.

ಇನ್ನು ಬೆಳಕು. ಗೋಡೆಯ ಬಣ್ಣದ ಬಗ್ಗೆ ಅಂತರ್ಜಾಲದಲ್ಲಿ ಓದಿದ್ದರೆ ‘ಉತ್ತರದ ಕೋಣೆಗೆ ತಣ್ಣನೆಯ ನೀಲಿ ಬೆಳಕು, ದಕ್ಷಿಣದ ಕೋಣೆಗೆ ಬೆಚ್ಚನೆಯ ಬೆಳಕು’ ಎಂಬ ಸೂತ್ರ ನಿಮ್ಮ ಕಣ್ಣಿಗೂ ಬಿದ್ದಿರಬಹುದು. ಅದು ಇಂಗ್ಲೆಂಡ್, ಅಮೆರಿಕಗಳಿಗೆ ಬರೆದದ್ದು. ಅಲ್ಲಿ ನಡುಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ನಾವಿರುವುದು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಕೆಳಗೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ‘ಶೂನ್ಯ ನೆರಳಿನ ದಿನ’ ಎಂದು ಮಕ್ಕಳು ಕೋಲು ನೆಟ್ಟು ನೋಡುತ್ತಾರಲ್ಲ, ಆ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕೆ ಸರಿದಿರುತ್ತಾನೆ. ನಿಮ್ಮೂರು ಅದೇ ಅಕ್ಷಾಂಶದ ಆಸುಪಾಸಿನಲ್ಲಿದೆ, ದಿನಾಂಕ ತುಸು ಆಚೀಚೆ ಅಷ್ಟೆ. ಅಂದರೆ ನಿಮ್ಮ ಉತ್ತರದ ಕಿಟಕಿಗೆ ಮೇ ತಿಂಗಳಲ್ಲಿ ಬೆಳಗ್ಗೆ, ಸಂಜೆ ಓರೆ ಬಿಸಿಲು ನೇರವಾಗಿ ಬರುತ್ತದೆ. ಜೂನ್ ಬಂದರೆ ಮುಗಿಯಿತು, ಮಳೆ. ನಾಲ್ಕು ತಿಂಗಳು ಬೂದು ಆಕಾಶ, ಕೆಳಗೆ ಒದ್ದೆ ಹಸಿರು; ಆಗುಂಬೆಯ ಮಗ್ಗುಲಲ್ಲಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದ ದಿನಗಳಲ್ಲಿ ಮಾಡಿನ ಅಂಚೂ ತೋಟವೂ ಸೋಸಿ ಕಳಿಸಿದ ಬೆಳಕಷ್ಟೇ ಒಳಗೆ ಬರುತ್ತದೆ. ಪಶ್ಚಿಮದ ಕಿಟಕಿ ಬೇಸಿಗೆಯ ಸಂಜೆ ಒಂದಿಷ್ಟು ಕೇಸರಿ ಬೆಳಕು ಕೊಡುತ್ತದೆ, ಆಗ ಯಾವ ಬಿಳಿಯಾದರೂ ಚೆಂದವೇ. ಬಣ್ಣ ಆರಿಸುವುದು ಆ ಅರ್ಧ ಗಂಟೆಗಲ್ಲ, ಜುಲೈ ತಿಂಗಳ ಮಧ್ಯಾಹ್ನಕ್ಕೆ.

ಆ ಜುಲೈ ಮಧ್ಯಾಹ್ನಕ್ಕೆ ಪೇಂಟರ್ ಹೇಳುವ ಬ್ರಿಲಿಯಂಟ್ ವೈಟ್ ತಂದಿಟ್ಟರೆ? ಟೈಟಾನಿಯಂ ಡೈಆಕ್ಸೈಡ್ ಪುಡಿಗೆ ಸಹಜವಾಗಿ ಕೂದಲೆಳೆಯಷ್ಟು ಹಳದಿ ಛಾಯೆ ಇದೆ. ನೇರಳೆಯ ಅಂಚಿನ ಬೆಳಕನ್ನು ಅದು ಸ್ವಲ್ಪ ಹೀರಿಕೊಳ್ಳುತ್ತದೆ. ಅದನ್ನು ಮುಚ್ಚಲು ಬೆಳ್ಳಗಿನ ಬಿಳಿಗಳಿಗೆ ತುಸು ನೀಲಿ ಅಥವಾ ನೇರಳೆ ಹಾಕುತ್ತಾರೆ. ನಮ್ಮ ಹಿರಿಯರು ಸುಣ್ಣದ ಬಕೆಟ್ಟಿಗೆ ನೀಲಿ ಹಾಕುತ್ತಿದ್ದುದೂ ಇದೇ ಲೆಕ್ಕಾಚಾರದಿಂದ. ಬಿಸಿಲು ಧಾರಾಳವಾಗಿರುವ ಕೋಣೆಯಲ್ಲಿ ಅದು ಫಳಫಳ ಹೊಳೆಯುತ್ತದೆ. ಬೂದು ಆಕಾಶದ ಬೆಳಕಿನಲ್ಲಿ ಆ ನೀಲಿ ಮೇಲೆದ್ದು ಗೋಡೆ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಮಲೆನಾಡಿನಲ್ಲಿ ‘ಬೆಳ್ಳಗೆ ಹೊಡೆಸಿದೆವು, ಆದರೂ ಮನೆ ಕತ್ತಲೆ’ ಎಂಬ ದೂರು ಕೇಳಿದ್ದೇನೆ. ಗೋಡೆ ಕತ್ತಲೆಯಾಗಿರುವುದಿಲ್ಲ, ತಣ್ಣಗಿರುತ್ತದೆ. ಎರಡನೆಯ ತೊಂದರೆ ನಿಮ್ಮ ಟೈಲ್‌ನದು. ಐವರಿ ಟೈಲ್‌ನ ಪಕ್ಕದಲ್ಲಿ ನೀಲಿ ಕಡೆಗಿನ ಬಿಳಿ ನಿಂತರೆ ಟೈಲ್ ಹಳದಿಯಾಗಿ, ಹಳೆಯದಾಗಿ, ತೊಳೆಯದ್ದಾಗಿ ಕಾಣುತ್ತದೆ. ನೀವು ವರ್ಷಗಟ್ಟಲೆ ನೆಲ ಒರೆಸುತ್ತಲೇ ಇರುತ್ತೀರಿ, ಕೊಳೆ ಎಲ್ಲಿದೆ ಎಂದು ತಿಳಿಯುವುದೇ ಇಲ್ಲ.

ಪೇಂಟರ್ ಹೇಳದ ಇನ್ನೊಂದು ವಿಷಯ: ಬಣ್ಣ ಬೆರೆಸದ ಬಿಳಿಗಿಂತ ಸ್ವಲ್ಪ ಬೆರೆಸಿದ ಆಫ್ ವೈಟ್ ಕೆಳಗಿನದನ್ನು ಚೆನ್ನಾಗಿ ಮುಚ್ಚುತ್ತದೆ. ಎರಡು ಕೋಟ್‌ನಲ್ಲಿ ಆಫ್ ವೈಟ್ ಮುಗಿಸುವ ಗೋಡೆಗೆ ಬ್ರಿಲಿಯಂಟ್ ವೈಟ್ ಮೂರನೆಯದನ್ನು ಕೇಳಬಹುದು. ಈಗಾಗಲೇ ಕೆನೆಬಿಳಿ ಹೊಡೆದಿರುವ ನಿಮ್ಮ ಗೋಡೆಯ ವಿಷಯದಲ್ಲಿ ಇದು ನೆನಪಿರಲಿ.

ಎಷ್ಟು ಬೆಳ್ಳಗಿರಬೇಕು ಎಂಬುದಕ್ಕೆ ಒಂದು ಸಂಖ್ಯೆ ಇದೆ: ಬೆಳಕು ಪ್ರತಿಫಲನ ಮೌಲ್ಯ, ಎಲ್‌ಆರ್‌ವಿ. ಪೂರ್ತಿ ಕಪ್ಪು 0, ಪೂರ್ತಿ ಬಿಳಿ 100. ಮಾರುಕಟ್ಟೆಯ ಬೆಳ್ಳಗಿನ ಬಿಳಿಗಳು ಸಾಮಾನ್ಯವಾಗಿ 85ರಿಂದ 90ರ ನಡುವೆ, ಆಫ್ ವೈಟ್‌ಗಳು 75ರಿಂದ 85ರ ನಡುವೆ ಇರುತ್ತವೆ. 70ಕ್ಕಿಂತ ಕೆಳಗಿಳಿದರೆ ಕಣ್ಣು ಅದನ್ನು ಬಿಳಿ ಎಂದು ಒಪ್ಪುವುದು ಕಷ್ಟ. ಕೆಲವು ಕಂಪನಿಗಳು ಕಾರ್ಡಿನಲ್ಲೇ ಈ ಸಂಖ್ಯೆ ಮುದ್ರಿಸುತ್ತವೆ. ಇಲ್ಲದಿದ್ದರೆ ಕೋಡ್ ಹೇಳಿ ಅಂಗಡಿಯವರನ್ನು ಕೇಳಿ. ನಿಮ್ಮ ಹಾಲ್‌ಗೆ 80ರ ಆಸುಪಾಸು ಸಾಕು. ಇದೇ ಪ್ರಶ್ನೆ ಕಲಬುರಗಿಯಿಂದ ಬಂದಿದ್ದರೆ, ಶಹಾಬಾದ್ ಕಲ್ಲಿನ ನೆಲ, ಅಂಗಳದಿಂದ ಕಣ್ಣು ಕುಕ್ಕುವ ಬಿಸಿಲು ಇದ್ದಿದ್ದರೆ, ಬೂದು ಬೆರೆತ, ಇನ್ನೂ ಕೆಳಗಿನ ಸಂಖ್ಯೆಯ ಬಿಳಿಯನ್ನು ಹೇಳುತ್ತಿದ್ದೆ. ಅಲ್ಲಿ ಬೆಳಕನ್ನು ಪಳಗಿಸಬೇಕು, ನಿಮ್ಮಲ್ಲಿ ಅದನ್ನು ಉಳಿಸಿಕೊಳ್ಳಬೇಕು.

ರಾತ್ರಿಯ ಮಾತಿಗೆ ಬರೋಣ. ನಮ್ಮ ಮನೆಗಳಲ್ಲಿ ಉರಿಯುವ ಎಲ್‌ಇಡಿ ಬಲ್ಬುಗಳಲ್ಲಿ ಬಹುಪಾಲು 6500 ಕೆಲ್ವಿನ್‌ನವು (ಕೆಲ್ವಿನ್ ಎಂಬುದು ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಬೆಳಕು ನೀಲಿ), ಪೆಟ್ಟಿಗೆಯ ಮೇಲೆ ‘ಕೂಲ್ ಡೇಲೈಟ್’ ಎಂದಿರುತ್ತದೆ. ಟ್ಯೂಬ್‌ಲೈಟ್ ಕಾಲದಿಂದ ಬಂದ ಅಭ್ಯಾಸ ಅದು: ಬೆಳಕು ಎಂದರೆ ನೀಲಿ ಬೆಳಕು. ಇದರ ಕೆಳಗೆ ನಿಮ್ಮ ಕೆನೆಬಿಳಿಯ ಹಳದಿ ಬಾಡಿ, ಹಸಿರು ಉಳಿದುಕೊಳ್ಳುತ್ತದೆ. ಆಸ್ಪತ್ರೆಯ ವಾರ್ಡು ಎಂದು ನೀವು ಬರೆದದ್ದು ಸರಿಯಾದ ರೋಗನಿದಾನವೇ. ಹಾಲ್‌ಗೂ ಮಲಗುವ ಕೋಣೆಗಳಿಗೂ 3000 ಕೆಲ್ವಿನ್‌ನ ವಾರ್ಮ್ ವೈಟ್, ಅಡುಗೆಮನೆಗೆ 4000 ಕೆಲ್ವಿನ್ ಹಾಕಿ. ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ಸಿಆರ್‌ಐ ಎಂಬ ಇನ್ನೊಂದು ಸಂಖ್ಯೆ ಪೆಟ್ಟಿಗೆಯ ಮೇಲಿರುತ್ತದೆ. 80 ಸಾಮಾನ್ಯ, 90 ಸಿಕ್ಕರೆ ಬಿಡಬೇಡಿ. ಒಂದೇ ಕೋಣೆಯಲ್ಲಿ ಎರಡು ಬಗೆಯ ಬಲ್ಬು ಬೆರೆಸಬೇಡಿ, ಬೆರೆಸಿದರೆ ಒಂದು ಗೋಡೆ ಹಳದಿ, ಇನ್ನೊಂದು ನೀಲಿ ಆಗಿ ಯಾವ ಬಿಳಿಯೂ ಅಲ್ಲಿ ನಿಲ್ಲದು. ಬಲ್ಬು ಬದಲಿಸಿ ಒಂದು ವಾರ ಇದ್ದು ನೋಡಿ. ಕಣ್ಣು ಹೊಸ ಬೆಳಕಿಗೆ ಹೊಂದಿಕೊಳ್ಳಲು ಅಷ್ಟು ಸಮಯ ಕೊಡಿ, ಮೊದಲ ರಾತ್ರಿ ಎಲ್ಲರಿಗೂ ‘ಮಂಕಾಯಿತು’ ಎನ್ನಿಸುತ್ತದೆ.

ಈಗ ಪರೀಕ್ಷೆ. ಗೋಡೆಯ ಮೇಲೆ ಅಲ್ಲಲ್ಲಿ ತೇಪೆ ಹೊಡೆಸಿ ನೋಡುವುದು ನಮ್ಮಲ್ಲಿ ರೂಢಿ. ನನಗದು ಒಪ್ಪಿಗೆಯಿಲ್ಲ. ಸುತ್ತಲಿನ ಹಳೆಯ ಬಣ್ಣ ತೇಪೆಯನ್ನು ಎಳೆದಾಡುತ್ತದೆ. ಹಸಿರು ಗೋಡೆಯ ನಡುವೆ ಹೊಡೆದ ಸಾಧಾರಣ ಬಿಳಿಯೂ ಗುಲಾಬಿಯಾಗಿ ಕಾಣುತ್ತದೆ. ಬದಲಿಗೆ ಎರಡು ಅಡಿ ಚೌಕದ ಪ್ಲೈವುಡ್ ತುಂಡುಗಳನ್ನು ತರಿಸಿ. ಒಂದೊಂದಕ್ಕೂ ಪ್ರೈಮರ್, ಮೇಲೆ ಎರಡು ಕೋಟ್. ಮೂರು ಶೇಡ್‌ಗಿಂತ ಹೆಚ್ಚು ಬೇಡ, ಹೆಚ್ಚಾದರೆ ಮನೆಯಲ್ಲಿ ಜಗಳ. ಪೂರ್ತಿ ಒಣಗಿದ ಮೇಲೆ ಅವುಗಳನ್ನು ನೆಲಕ್ಕೆ ತಾಗಿದಂತೆ ಗೋಡೆಗೆ ಒರಗಿಸಿ, ಟೈಲ್ ಮತ್ತು ಬಣ್ಣ ಒಟ್ಟಿಗೆ ಕಣ್ಣಿಗೆ ಬೀಳಲಿ. ಮಲಗಿಸಿ ನೋಡಬೇಡಿ, ಮಲಗಿದ ಹಲಗೆಗೆ ಬೀಳುವ ಬೆಳಕೇ ಬೇರೆ. ಕಿಟಕಿಯ ಪಕ್ಕದಲ್ಲಿ ಒಮ್ಮೆ, ಕತ್ತಲೆಯ ಮೂಲೆಯಲ್ಲಿ ಒಮ್ಮೆ, ಬೆಳಗ್ಗೆ, ಮೋಡದ ಮಧ್ಯಾಹ್ನ, ಹೊಸ ಬಲ್ಬಿನ ಕೆಳಗೆ. ಒಂದೊಂದನ್ನೇ ನೋಡಿದರೆ ಎಲ್ಲವೂ ಬಿಳಿಯೇ. ಮೂರನ್ನೂ ಅಕ್ಕಪಕ್ಕ ಇಟ್ಟಾಗ ಒಂದು ಗುಲಾಬಿ, ಒಂದು ಹಸಿರು, ಒಂದು ನಿಂಬೆ ಎಂದು ಬೇರೆಬೇರೆಯಾಗುತ್ತವೆ. ಹೋಲಿಸಲು ಕಚೇರಿಯ ಬಿಳಿ ಕಾಗದ ಹಿಡಿಯುವವರಿದ್ದಾರೆ. ಆ ಕಾಗದಕ್ಕೂ ಹೊಳಪುಕಾರಕ ರಾಸಾಯನಿಕ ಹಾಕಿರುತ್ತಾರೆ, ಹಗಲಿನಲ್ಲಿ ಅದು ನೀಲಿಯಾಗಿ ಮಿನುಗುತ್ತದೆ. ಅದರ ಪಕ್ಕದಲ್ಲಿ ಎಂತಹ ಬಿಳಿಯೂ ಹಳದಿಯೇ. ಸ್ವಿಚ್‌ಬೋರ್ಡಿನ ಪ್ಲೇಟೂ ಹೀಗೆ ನೀಲಿ ಕಡೆಗಿನ ಬಿಳಿ. ಬಣ್ಣ ಹೊಡೆದಾದ ಮೇಲೆ ಅದೊಂದು ಎದ್ದು ಕಂಡರೆ ಗೋಡೆಯನ್ನು ದೂರಬೇಡಿ, ಕೆನೆ ಬಣ್ಣದ ಪ್ಲೇಟುಗಳೂ ಸಿಗುತ್ತವೆ.

ಹಲಗೆಯ ಮೇಲೆ ಸರಿ ಎನಿಸಿದ ಶೇಡ್ ಕೋಣೆ ತುಂಬಿದಾಗ ಇನ್ನಷ್ಟು ಗಾಢವಾಗುತ್ತದೆ. ಎದುರುಬದುರು ಗೋಡೆಗಳು ಒಂದರ ಬಣ್ಣವನ್ನು ಇನ್ನೊಂದರ ಮೇಲೆ ಎಸೆಯುತ್ತವೆ, ಕೆನೆ ಮತ್ತೂ ಕೆನೆಯಾಗುತ್ತದೆ. ಆದ್ದರಿಂದ ಎರಡು ಶೇಡ್‌ಗಳ ನಡುವೆ ಮನಸ್ಸು ತೂಗುತ್ತಿದ್ದರೆ ತಿಳಿಯಾದುದನ್ನೇ ಹಿಡಿಯಿರಿ. ಇನ್ನೊಂದು ದಾರಿಯೂ ಇದೆ: ಮೆಚ್ಚಿದ ಕೋಡನ್ನೇ ಅರ್ಧ ಪ್ರಮಾಣದಲ್ಲಿ ಬೆರೆಸಿಕೊಡಿ ಎಂದು ಅಂಗಡಿಯಲ್ಲಿ ಕೇಳುವುದು. ಯಂತ್ರದಲ್ಲಿ ಅದು ಸಾಧ್ಯ. ಪೇಂಟರ್ ತಾವೇ ಸ್ಟೇನರ್ (ಬೆರೆಸುವ ಗಾಢ ಬಣ್ಣ) ಬಾಟಲಿ ತಂದು ಬಕೆಟ್ಟಿನಲ್ಲಿ ಅಂದಾಜಿಗೆ ಬೆರೆಸುತ್ತೇನೆ ಎಂದರೆ ವಿನಯದಿಂದ ಬೇಡ ಎನ್ನಿ. ಅವರ ಕೈ ಎಷ್ಟೇ ಪಳಗಿದ್ದರೂ ಎರಡನೆಯ ಬಕೆಟ್ಟು ಮೊದಲನೆಯದರಂತೆ ಬರುವುದಿಲ್ಲ, ಆಫ್ ವೈಟ್‌ನಲ್ಲಿ ಆ ವ್ಯತ್ಯಾಸ ಮೂಲೆಮೂಲೆಯಲ್ಲೂ ಎದ್ದು ಕಾಣುತ್ತದೆ.

ಛಾವಣಿಗೆ ಏನು ಮಾಡುವುದು ಎಂದು ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ಗೋಡೆಗೆ ಬೆಚ್ಚನೆಯ ಬಿಳಿ ಹೊಡೆದು ಛಾವಣಿಗೆ ಅಭ್ಯಾಸಬಲದಿಂದ ಬ್ರಿಲಿಯಂಟ್ ವೈಟ್ ಹೊಡೆಸಿದರೆ ನೆಲದಲ್ಲಿ ತಪ್ಪಿಸಿಕೊಂಡ ತೊಂದರೆ ತಲೆಯ ಮೇಲೆ ಬಂದು ಕೂರುತ್ತದೆ. ಗೋಡೆಯ ಬಣ್ಣವನ್ನೇ ಅರ್ಧ ಪ್ರಮಾಣಕ್ಕೆ ಇಳಿಸಿ ಛಾವಣಿಗೆ ಹೊಡೆಸಿ. ಛಾವಣಿಗೆ ಬೆಳಕು ಕಡಿಮೆ ಬೀಳುವುದರಿಂದ ಎರಡೂ ಒಂದೇ ಎನಿಸುತ್ತವೆ. ಗೋಡೆಗೂ ಛಾವಣಿಗೂ ಹೊಳಪಿಲ್ಲದ ಮ್ಯಾಟ್ ಇರಲಿ. ನಿಮ್ಮ ಟೈಲ್ ಈಗಾಗಲೇ ಸಾಕಷ್ಟು ಹೊಳೆಯುತ್ತಿದೆ. ಗೋಡೆಯೂ ಹೊಳೆದರೆ ಕಿಟಕಿಯ ಓರೆ ಬೆಳಕಿನಲ್ಲಿ ಪುಟ್ಟಿ ಹಾಕಿದವರ ಕೈಯ ಏರಿಳಿತವೆಲ್ಲ ಎದ್ದು ಕಾಣುತ್ತದೆ. ಅಡುಗೆಮನೆ ಮಾತ್ರ ಬೇರೆ. ಒಗ್ಗರಣೆಯ ಜಿಡ್ಡು, ಅರಿಶಿನದ ಕೈ ಬೀಳುವ ಗೋಡೆ ತೊಳೆಯಲು ಬರಬೇಕು, ಅಲ್ಲಿ ಅದೇ ಬಣ್ಣ ಸ್ವಲ್ಪ ಹೊಳಪಿನದಿರಲಿ. ದೇವರ ಕೋಣೆಯಲ್ಲಿ ದಿನವೂ ಎಣ್ಣೆದೀಪ ಉರಿಯುತ್ತದಾದರೆ ದೀಪದ ಮೇಲಿನ ಗೋಡೆಗೆ ಬಿಳಿಯ ಆಸೆಯನ್ನೇ ಬಿಟ್ಟು ಟೈಲ್ ಅಥವಾ ಕಲ್ಲಿನ ಹಲಗೆ ಹಾಕಿಸಿ.

ಹಳೆಯ ಮನೆಯ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಅಲ್ಲಿ ಬಣ್ಣಕ್ಕಿಂತ ದೊಡ್ಡದೊಂದು ಪ್ರಶ್ನೆ ಇದೆ. ಮಲೆನಾಡಿನ ಹಳೆಯ ಮಣ್ಣಿನ ಗೋಡೆ ಮಳೆಗಾಲದಲ್ಲಿ ನೀರಿನ ಪಸೆ ಹೀರಿಕೊಂಡು ಬೇಸಿಗೆಯಲ್ಲಿ ಬಿಡುತ್ತದೆ. ಸುಣ್ಣದ ಪದರದಲ್ಲಿ ಸಣ್ಣ ರಂಧ್ರಗಳಿರುವುದರಿಂದ ಈ ಹೋಗುಬರುವಿಕೆಗೆ ತಡೆಯಿಲ್ಲ. ಅದರ ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಹೊಡೆದರೆ ಪಸೆ ಹಿಂದೆಯೇ ಸಿಕ್ಕಿಹಾಕಿಕೊಂಡು ಕೆಲವು ಮಳೆಗಾಲಗಳಲ್ಲಿ ಬಣ್ಣ ಗುಳ್ಳೆಯೆದ್ದು ಹಾಳೆಹಾಳೆಯಾಗಿ ಕಿತ್ತುಬರುತ್ತದೆ, ಬರುವಾಗ ಗಾರೆಯನ್ನೂ ಎಳೆದುಕೊಂಡು ಬರುತ್ತದೆ. ಸುಣ್ಣ ಒಣಗುವುದೂ ಪೇಂಟ್ ಒಣಗಿದಂತೆ ಅಲ್ಲ. ಅರಳಿಸಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲಾಗುತ್ತದೆ, ಗೋಡೆಯ ಭಾಗವೇ ಆಗುತ್ತದೆ.

ಕೆಂಪು ನೆಲದ ಜೊತೆ ಇದು ಹೇಗೆ ಕಾಣುತ್ತದೆ? ರೆಡ್ ಆಕ್ಸೈಡ್ ನೆಲ ಗೋಡೆಯ ಕೆಳಭಾಗಕ್ಕೆ ಸದಾ ಗುಲಾಬಿ ಬೆಳಕು ಚೆಲ್ಲುತ್ತಿರುತ್ತದೆ. ಅಲ್ಲಿ ನಿಮ್ಮ ಹೊಸ ಹಾಲ್‌ನ ಕೆಂಪು ಬೆರೆತ ಆಫ್ ವೈಟ್ ಹೊಡೆದರೆ ಗೋಡೆ ಪೂರ್ತಿ ಗುಲಾಬಿಯಾದೀತು. ಸುಣ್ಣದ ಬಿಳಿಗೆ ಆ ಅಪಾಯವಿಲ್ಲ, ನೀಲಿ ಒಂದು ಚಿಟಿಕೆ ಬಿದ್ದರಂತೂ ನೆಲದ ಕೆಂಪನ್ನು ಅದು ಸರಿದೂಗಿಸುತ್ತದೆ. ಗೋಡೆಯ ಬುಡದಲ್ಲಿ ಕೆಮ್ಮಣ್ಣಿನ ಪಟ್ಟಿ ಬಳಿಯುವ ಪದ್ಧತಿ ನಿಮ್ಮ ಮನೆಯಲ್ಲೂ ಇದ್ದಿರಬೇಕು. ಅದನ್ನು ಬಿಡಬೇಡಿ, ಪೊರಕೆ, ನೆಲ ಒರೆಸುವ ಬಟ್ಟೆ, ಮಳೆಯ ಕೆಸರು ಎಲ್ಲವೂ ತಾಗುವ ಜಾಗ ಅದು, ಕೊಳೆ ಕಾಣದಿರಲು ಅದಕ್ಕಿಂತ ಒಳ್ಳೆಯ ಉಪಾಯ ಯಾವ ಕಂಪನಿಯೂ ಮಾರುತ್ತಿಲ್ಲ.

ಸುಣ್ಣಕ್ಕೆ ಅದರದೇ ಶಿಸ್ತು ಇದೆ. ಗೋಡೆಯ ಮೇಲೆ ಈಗಾಗಲೇ ಡಿಸ್ಟೆಂಪರ್ ಅಥವಾ ಎಮಲ್ಷನ್ ಇದ್ದರೆ ಅದನ್ನು ಪೂರ್ತಿ ಕೆರೆದು ತೆಗೆಯದೆ ಸುಣ್ಣ ಹಿಡಿಯುವುದಿಲ್ಲ. ಗೋಡೆಯನ್ನು ಮೊದಲು ನೀರಿನಿಂದ ತೋಯಿಸಿ, ತೆಳ್ಳಗೆ ಮೂರು ನಾಲ್ಕು ಸಲ ಬಳಿಯಬೇಕು. ದಪ್ಪಗೆ ಒಂದೇ ಸಲ ಬಳಿದರೆ ಪುಡಿಪುಡಿಯಾಗಿ ಬಟ್ಟೆಗೆ ಅಂಟುತ್ತದೆ. ಬಳಿಯುವಾಗ ‘ಏನೂ ಕಾಣುತ್ತಿಲ್ಲ’ ಎಂದು ಗಾಬರಿಯಾಗಬೇಡಿ: ಒದ್ದೆ ಸುಣ್ಣ ಅರೆಪಾರದರ್ಶಕ, ನೀರು ಹೋಗಿ ರಂಧ್ರಗಳಲ್ಲಿ ಗಾಳಿ ತುಂಬಿದ ಮೇಲೆ ಬೆಳ್ಳಗಾಗುತ್ತದೆ. ನೀಲಿಯನ್ನು ಬಟ್ಟೆಯಲ್ಲಿ ಕಟ್ಟಿ, ನೀರಿನಲ್ಲಿ ಕದಡಿ, ಸೋಸಿ ಹಾಕಿ. ಹೆಚ್ಚಾದರೆ ಗೋಡೆ ಆಕಾಶವಾಗುತ್ತದೆ. ಸುಟ್ಟ ಸುಣ್ಣ ತಂದು ಮನೆಯಲ್ಲೇ ಅರಳಿಸುವುದಾದರೆ ಮಕ್ಕಳು ಹತ್ತಿರ ಬಾರದಿರಲಿ. ನೀರು ಬಿದ್ದೊಡನೆ ಅದು ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ.

ಹಳೆಯ ಭಾಗದ ಗೋಡೆ ಸಿಮೆಂಟಿನದಾಗಿದ್ದರೆ ಈ ಹಟ ಬೇಡ. ಆಗ ಬೂದುಬಣ್ಣ ಚೂರೇ ಚೂರು ಬೆರೆತ, ಹಳದಿಯೂ ಕೆಂಪೂ ಇಲ್ಲದ ಬಿಳಿ ಎಮಲ್ಷನ್ ಸಾಕು. ಹೊಸ ಹಾಲ್ ಮತ್ತು ನಡುಮನೆ ಎರಡೂ ಬಾಗಿಲಿನಲ್ಲಿ ಒಟ್ಟಿಗೆ ಕಾಣುತ್ತವೆ, ಬಿಳಿ ಬೇರೆಬೇರೆಯಾದರೆ ವಿಚಿತ್ರವಾಗದೇ ಎಂದು ನೀವು ಕೇಳಬಹುದು. ನೆಲ ಬೇರೆಯಾಗಿರುವ ಕಡೆ ಗೋಡೆಗೆ ಒಂದೇ ಡಬ್ಬಿಯ ಬಣ್ಣ ಹೊಡೆದರೂ ಅದು ಎರಡಾಗಿಯೇ ಕಾಣುತ್ತದೆ. ಬೇರೆ ಡಬ್ಬಿ ಬಳಸಿದರೆ ಒಂದಾಗಿ ಕಾಣುವ ಸಾಧ್ಯತೆ ಹೆಚ್ಚು. ಬಾಗಿಲಿನ ಚೌಕಟ್ಟು ಮರದ್ದಾದರೆ ಅದೇ ಗಡಿ, ಎರಡು ಬಿಳಿಗಳು ಅಲ್ಲಿ ಮುಖಾಮುಖಿಯಾಗುವುದೇ ಇಲ್ಲ.

ಬಾಗಿಲು, ಕಿಟಕಿ, ಸರಳುಗಳಿಗೂ ಬಿಳಿ ಬೇಕೆಂದಿದ್ದರೆ ಎಣ್ಣೆ ಆಧಾರಿತ ಎನಾಮಲ್ ಬೇಡ. ಅದು ಹಳದಿಯಾಗುತ್ತದೆ, ಅದರಲ್ಲೂ ಬಿಸಿಲು ತಾಗದ ಕಡೆ ಹೆಚ್ಚು: ಬಾಗಿಲಿನ ಹಿಂಬದಿ, ಕಪಾಟಿನ ಒಳಗು, ನಿಮ್ಮ ಮಳೆಗಾಲದ ಹಾಲ್. ಬೆಳಕು ತಾಗಿದರೆ ಆ ಹಳದಿ ಅಷ್ಟಿಷ್ಟು ಇಳಿಯುವುದೂ ಉಂಟು, ಆದರೆ ನಿಮ್ಮಲ್ಲಿ ಆ ಬೆಳಕು ಎಲ್ಲಿದೆ? ನೀರು ಆಧಾರಿತ ಎನಾಮಲ್ ಈ ಆಟ ಆಡುವುದಿಲ್ಲ. ಹಳೆಯ ಬಾಗಿಲುಗಳ ಮೇಲಿನ ಬಣ್ಣವನ್ನು ತೆಗೆಸುವುದಾದರೆ ಒಂದು ಎಚ್ಚರಿಕೆ. ಮನೆಬಳಕೆಯ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಎನಾಮಲ್‌ನಲ್ಲಿ ಸೀಸ ಇದ್ದಿರಬಹುದು. ಒಣಗಿದ ಬಣ್ಣವನ್ನು ಎಮರಿ ಪೇಪರಿನಿಂದ ಉಜ್ಜಿ ಧೂಳೆಬ್ಬಿಸದೆ, ನೀರು ಹಚ್ಚಿಕೊಂಡು ಉಜ್ಜಲು ಹೇಳಿ, ಮಕ್ಕಳನ್ನೂ ಗರ್ಭಿಣಿಯರನ್ನೂ ದೂರ ಇರಿಸಿ.

ಕಾಲದ ಬಗ್ಗೆ ಎರಡು ಮಾತು. ಹೊಸ ಸಿಮೆಂಟ್ ಪ್ಲಾಸ್ಟರ್‌ಗೆ ಕನಿಷ್ಠ 28 ದಿನ ಬಿಡಬೇಕು ಎಂಬುದು ಪೇಂಟರ್‌ಗೂ ಗೊತ್ತು. ನಿಮ್ಮೂರಿನಲ್ಲಿ ಅಷ್ಟು ಸಾಲದು. ಜನವರಿಯಿಂದ ಮೇ ನಡುವೆಯೇ ಕೆಲಸ ಇಟ್ಟುಕೊಳ್ಳಿ. ಒಂದೂವರೆ ಅಡಿಯ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಗೋಡೆಗೆ ಅಂಟಿಸಿ ಮರುದಿನ ನೋಡಿ. ಒಳಗೆ ಹನಿ ಕೂತಿದ್ದರೆ ಗೋಡೆ ಇನ್ನೂ ಹಸಿ, ಯಾವ ಬಿಳಿ ಹೊಡೆದರೂ ಉಪ್ಪು ಹೊಮ್ಮಿ ಹಳದಿ ಕಲೆಯಾಗುತ್ತದೆ. ಈಗ ಹಸಿರಾಗಿರುವ ಗೋಡೆಯನ್ನು ಕೆರೆಯಬೇಕಾಗಿಲ್ಲ, ಲಘುವಾಗಿ ಉಜ್ಜಿ ಧೂಳು ಒರೆಸಿ ಅದರ ಮೇಲೆಯೇ ಹೊಡೆಸಿ.

ಬಣ್ಣ ತರಿಸುವಾಗ ಹಾಲ್‌ಗೆ ಬೇಕಾದಷ್ಟನ್ನೂ ಒಟ್ಟಿಗೆ ತರಿಸಿ, ಎಲ್ಲ ಡಬ್ಬಿಗಳ ಬ್ಯಾಚ್ ನಂಬರ್ ಒಂದೇ ಇದೆಯೇ ನೋಡಿ. ಇಲ್ಲದಿದ್ದರೆ ದೊಡ್ಡ ಡ್ರಮ್ಮಿನಲ್ಲಿ ಎಲ್ಲವನ್ನೂ ಸುರಿದು ಬೆರೆಸಿದ ಮೇಲೆ ಶುರುಮಾಡಲಿ. ಮುಗಿದ ಮೇಲೆ ಉಳಿದದ್ದನ್ನು ಗಾಳಿಯಾಡದ ಬಾಟಲಿಯಲ್ಲಿ ತುಂಬಿ ಅದರ ಮೇಲೆ ಕಂಪನಿ, ಪೇಂಟಿನ ಹೆಸರು, ಕೋಡ್, ಅರ್ಧ ಪ್ರಮಾಣವೋ ಪೂರ್ತಿಯೋ, ಮ್ಯಾಟೋ ಹೊಳಪೋ, ತಿಂಗಳು, ವರ್ಷ ಬರೆದಿಡಿ. ಮಕ್ಕಳ ಕೈಯ ಗುರುತು ಬಿದ್ದರೆ ಮೊದಲ ಕೆಲವು ತಿಂಗಳು ಇದೇ ಬಾಟಲಿಯಿಂದ ತೇಪೆ ಹಾಕಬಹುದು. ಎರಡು ವರ್ಷ ಕಳೆದ ಮೇಲೆ ಆ ತೇಪೆ ಕಲೆಗಿಂತ ಹೆಚ್ಚು ಎದ್ದು ಕಾಣುತ್ತದೆ, ಆಗ ಮೂಲೆಯಿಂದ ಮೂಲೆಗೆ ಇಡೀ ಗೋಡೆಯನ್ನೇ ಹೊಡೆಸಿ.